ಗಿಡ ಯಾಕೆ ಎತ್ತರವಾಗುತ್ತದೆ

ಬೀದರ್ ಜಿಲ್ಲೆಯ ಕಮಲನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ಹುಡುಗನೊಬ್ಬ ನನಗೆ ಪರಿಚಯ. ಗಿರಾಕಿಗಳು ಕಾಯುವಾಗ ನೋಡಲಿ ಎಂದು ಕೌಂಟರಿನ ಪಕ್ಕ ಒಂದು ಗಾಜಿನ ತೊಟ್ಟಿ ಇಟ್ಟಿದ್ದಾನೆ. ಅದರಲ್ಲಿ ಗಪ್ಪಿ ಮೀನುಗಳಿವೆ, ಮರಳಿನಲ್ಲಿ ನೆಟ್ಟ ನೀರಗಿಡಗಳಿವೆ. ಮೀನಿಗಿಂತ ಗಿಡದ ಮೇಲೇ ಅವನಿಗೆ ಜೀವ. ಸಿಕ್ಕಾಗಲೆಲ್ಲ ಅವನದು ಒಂದೇ ಮಾತು: “ಕಾಕಾ, ಗಿಡ ಗಿಡ್ಡೇ ಉಳಿಲತ್ತಾವ. ನೀರಿನ ಮಟ್ಟಕ್ಕ ಏರಬೇಕಂದ್ರ ಏನ್ ಮಾಡ್ಬೇಕ್ರಿ?”

ಈ ಪ್ರಶ್ನೆಗೆ ಸುಲಭದ ಉತ್ತರವೊಂದಿದೆ. ದೀಪ ಮಂದ ಮಾಡಿದರೆ ಸಾಕು. ಕಾಂಡ ಇರುವ ಎಷ್ಟೋ ನೀರಗಿಡಗಳು ಕೆಲವೇ ದಿನಗಳಲ್ಲಿ ಮೇಲಕ್ಕೆ ಏಳತೊಡಗುತ್ತವೆ. ಗೊಬ್ಬರ ಬೇಡ, ಖರ್ಚು ಬೇಡ. ಕರೆಂಟಿನ ಬಿಲ್ಲೂ ಉಳಿಯುತ್ತದೆ. ಅಳತೆಪಟ್ಟಿ ಹಿಡಿದು ನೋಡಿದರೆ ಗಿಡ ಖಂಡಿತ ಎತ್ತರವಾಗಿರುತ್ತದೆ. ಆದರೂ ಈ ಉತ್ತರವನ್ನು ಅವನಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಯೋಚಿಸುತ್ತ ಹೋದಂತೆ ವಿಷಯ ಆ ತೊಟ್ಟಿಯನ್ನು ದಾಟಿ ಬಹಳ ದೂರ ಹೋಯಿತು.

ಬೆಳಕು ಕಡಿಮೆಯಾದಾಗ ಗಿಡ ಎತ್ತರವಾಗುವುದು ಸಂತೋಷದಿಂದಲ್ಲ. ಅದು ಹುಡುಕಾಟ. ಕಾಂಡದ ಮೇಲೆ ಎಲೆ ಹುಟ್ಟುವ ಗೆಣ್ಣುಗಳಿರುತ್ತವಲ್ಲ, ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಇರುವ ಅಂತರ ಉದ್ದವಾಗುತ್ತದೆ. ಎಲೆಗಳ ಸಂಖ್ಯೆ ಹೆಚ್ಚುವುದಿಲ್ಲ, ಎಲೆಗಳ ನಡುವಿನ ಬರಿದೇ ಹೆಚ್ಚುತ್ತದೆ. ಕಾಂಡ ತೆಳ್ಳಗಾಗಿ ಬಣ್ಣ ಮಾಸುತ್ತದೆ. ತಳದ ಎಲೆಗಳಿಗೆ ಬೆಳಕು ತಲುಪದೆ ಅವು ಹಳದಿಯಾಗಿ ಉದುರುತ್ತವೆ. ಕೊನೆಗೆ ಉಳಿಯುವುದು ನೀರಿನ ಮಟ್ಟದಲ್ಲೊಂದು ಹಸಿರು ತುರಾಯಿ, ಅದರ ಕೆಳಗೆ ಬೋಳು ಕಡ್ಡಿ. ಇದ್ದ ಬಲವನ್ನೆಲ್ಲ ಏರುವುದಕ್ಕೇ ಖರ್ಚು ಮಾಡಿ, ಬೇರಿಗೂ ಬುಡಕ್ಕೂ ಏನೂ ಉಳಿಸಿಕೊಳ್ಳದ ಗಿಡ ಅದು. ದೂರದಿಂದ ನೋಡಿದವರು “ವ್ಹಾ, ಏನು ಬೆಳೆದಿದೆ” ಎನ್ನುತ್ತಾರೆ. ಕೈ ಹಾಕಿ ನೋಡಿದರೆ ಕಾಂಡ ಬೆರಳಿನ ಸೋಂಕಿಗೇ ಮುರಿಯುತ್ತದೆ.

ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಮಲನಗರ, ಔರಾದ್, ಭಾಲ್ಕಿ ಸುತ್ತಿನ ಎರೆಭೂಮಿಯಲ್ಲಿ ಸೋಯಾ ಬಿತ್ತುವವರು ಬೀಜವನ್ನು ದಟ್ಟವಾಗಿ ಬಿತ್ತಿದರೆ ಏನಾಗುತ್ತದೆಂದು ಬಲ್ಲರು. ಗಿಡಗಳು ಒಂದಕ್ಕೊಂದು ಒತ್ತರಿಸಿ ಏರುತ್ತವೆ, ಹೊಲ ನೋಡಲು ಚೆಂದ ಕಾಣುತ್ತದೆ. ಒಂದು ಗಾಳಿಮಳೆ ಬಂದರೆ ಮಲಗಿಬಿಡುತ್ತದೆ. ಹೀಗೆ ಏರುವುದರ ಹಿಂದೆ ಸೊಗಸಾದ ಒಂದು ಲೆಕ್ಕವಿದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕೆಂಪಿನಾಚೆ, ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ದೂರಗೆಂಪನ್ನು ಹಾಯಗೊಡುತ್ತದೆ. ಹೀಗಾಗಿ ಪಕ್ಕದ ಗಿಡದ ನೆರಳಿನಲ್ಲಿ ಕೆಂಪು ಕಡಿಮೆ, ದೂರಗೆಂಪು ಹೆಚ್ಚು. ಗಿಡದೊಳಗೆ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಇದೆ. ಅದು ಈ ಎರಡರ ಪ್ರಮಾಣವನ್ನು ತೂಗಿ ನೋಡಿ, ನೆರೆಯವನು ತನ್ನನ್ನು ಮುಚ್ಚಲು ಬಂದಿದ್ದಾನೆ ಎಂದು ಗಿಡಕ್ಕೆ ತಿಳಿಸುತ್ತದೆ. ಆಗ ಕವಲೊಡೆಯುವುದನ್ನು, ಬೇರು ಇಳಿಸುವುದನ್ನು ಹಿಂದಕ್ಕೆ ಸರಿಸಿ, ಗಿಡ ಮೇಲಕ್ಕೆ ಓಡುತ್ತದೆ.

ಅದೇ ರೈತರು ತೊಗರಿಯಲ್ಲಿ ಇದರ ತದ್ವಿರುದ್ಧವಾದುದನ್ನೂ ಮಾಡುತ್ತಾರೆ. ಬಿತ್ತಿ 50 ದಿನದ ಆಸುಪಾಸಿನಲ್ಲಿ ತೊಗರಿಯ ಕುಡಿ ಚಿವುಟುವ ಪದ್ಧತಿ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆ ರಸ ಹುಟ್ಟಿ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವವರೆಗೆ ಪಕ್ಕದ ಮೊಗ್ಗುಗಳು ಸುಮ್ಮನಿರುತ್ತವೆ. ಕುಡಿ ಹೋದ ಕೂಡಲೇ ಅವು ಎಚ್ಚರಗೊಂಡು ಕವಲಾಗುತ್ತವೆ, ಕವಲು ಹೆಚ್ಚಿದಷ್ಟು ಹೂ, ಹೂ ಹೆಚ್ಚಿದಷ್ಟು ಕಾಯಿ. ಎತ್ತರವನ್ನು ಬೇಕೆಂದೇ ಬಿಟ್ಟುಕೊಟ್ಟು ಫಲ ಪಡೆಯುವ ಈ ಬುದ್ಧಿಗೆ ನನ್ನ ಗೌರವವಿದೆ. ಆದರೆ ತೊಟ್ಟಿಯ ಹುಡುಗನಿಗೆ ಕಾಯಿ ಬೇಕಾಗಿಲ್ಲ, ಎತ್ತರವೇ ಬೇಕು. ಎತ್ತರದ ಆಸೆಯಲ್ಲಿ ತಪ್ಪೇನೂ ಇಲ್ಲ. ತೊಟ್ಟಿಯ ಹಿಂಬದಿಯಲ್ಲಿ ನೀರಿನ ಸೆಳೆತಕ್ಕೆ ಓಲಾಡುವ ಉದ್ದನೆಯ ಹಸಿರು ಕಣ್ಣಿಗೆ ಎಷ್ಟು ತಂಪು ಎಂಬುದು ನೋಡಿದವರಿಗೆ ಗೊತ್ತು. ಕೊರತೆ ಕೊಟ್ಟು ಎಬ್ಬಿಸಿದ ಎತ್ತರ ಒಂದು, ಬೇಕಾದುದನ್ನೆಲ್ಲ ಕೊಟ್ಟು ಕಾದು ಪಡೆದ ಎತ್ತರ ಇನ್ನೊಂದು. ಅಳತೆಪಟ್ಟಿಗೆ ಎರಡೂ ಒಂದೇ ಆಗಿ ಕಾಣುತ್ತವೆ ಎಂಬುದೇ ನನ್ನ ಚಿಂತೆ.

ಕೆರೆಯಲ್ಲಾದರೆ ಈ ಚಿಂತೆ ಬರುತ್ತಿರಲಿಲ್ಲ. ಕೆರೆಗೆ ಮೋಡ ಕವಿಯುತ್ತದೆ, ಮಳೆನೀರು ಬಂದು ಬಗ್ಗಡವಾಗುತ್ತದೆ, ಅಂತರಗಂಗೆ ಹಬ್ಬಿ ತಳದ ಗಿಡಕ್ಕೆ ಕತ್ತಲೆ ಬೀಳುತ್ತದೆ. ಅದಕ್ಕೆ ಯಾರನ್ನೂ ಹೊಣೆ ಮಾಡಲು ಬರುವುದಿಲ್ಲ. ಗಾಜಿನ ತೊಟ್ಟಿಯ ಮಾತೇ ಬೇರೆ. ಅಲ್ಲಿ ಹಗಲು ಆಗುವುದು ನಾವು ಗುಂಡಿ ಒತ್ತಿದಾಗ. ರಾತ್ರಿಯೂ ನಮ್ಮ ಕೈಯಿಂದಲೇ. ನೆಲ ನಾವು ಹಾಕಿದ ಮರಳಿನಷ್ಟೇ, ಆಕಾಶ ನಾವು ತುಂಬಿದ ನೀರಿನ ಮಟ್ಟದಷ್ಟೇ. ಆ ಗಿಡಕ್ಕೆ ಏನಾದರೂ ಕೊರತೆಯಾಗಿದ್ದರೆ ಅದು ಒಬ್ಬರ ಕೈಯಿಂದಲೇ ಆಗಿರುತ್ತದೆ. ಇನ್ನೊಂದು ಜೀವದ ಮೇಲೆ ಇಷ್ಟು ಪೂರ್ತಿಯಾದ ಅಧಿಕಾರ ಮನುಷ್ಯನಿಗೆ ಸಿಗುವ ಸಂದರ್ಭಗಳು ಕಡಿಮೆ. ಮನೆಯಲ್ಲಿ ಸಣ್ಣ ಮಕ್ಕಳ ಮೇಲೆ ಸಿಗುತ್ತದೆ, ಹಾಸಿಗೆ ಹಿಡಿದ ಹಿರಿಯರ ಮೇಲೆ ಸಿಗುತ್ತದೆ.

ಹಾಗಾದರೆ ಕೊರತೆ ಮಾಡದೆ ಎತ್ತರ ಪಡೆಯುವುದು ಹೇಗೆ? ಅವನಿಗೆ ನಾನು ಹೇಳಿದ ಮೊದಲ ಮಾತು, ಗಿಡದ ಜಾತಿ ನೋಡು ಎಂದು. ಅವನು ನೆಟ್ಟವುಗಳಲ್ಲಿ ಅರ್ಧದಷ್ಟು ನೆಲಕ್ಕೆ ಹಬ್ಬುವ ಜಾತಿಯವು. ಜಪಾನಿನ ತಕಾಶಿ ಅಮಾನೊ (1954–2015) ಗಾಜಿನ ತೊಟ್ಟಿಯೊಳಗೆ ಬೆಟ್ಟ, ಬಯಲು, ಕಾಡುಗಳನ್ನು ರಚಿಸುವ ಕಲೆಯನ್ನು ಜಗತ್ತಿಗೆಲ್ಲ ಹಬ್ಬಿಸಿದ ಮೇಲೆ ಹುಲ್ಲುಹಾಸಿನಂತಹ ಗಿಡಗಳಿಗೆ ಎಲ್ಲೆಡೆ ಬೇಡಿಕೆ ಬಂತು. ಅವುಗಳ ಗುಣವೇ ತಗ್ಗಿ ಹರಡುವುದು. ಒಳ್ಳೆ ಬೆಳಕು ಕೊಟ್ಟಷ್ಟು ಅವು ನೆಲಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತವೆ. ಅಂಥವು ಮೇಲೆದ್ದವೆಂದರೆ ಅವಕ್ಕೆ ಕಷ್ಟ ಬಂದಿದೆ ಎಂದೇ ಅರ್ಥ. ಅವುಗಳಿಂದ ಎತ್ತರ ನಿರೀಕ್ಷಿಸುವವನು ತಪ್ಪು ಬಾಗಿಲು ತಟ್ಟುತ್ತಿದ್ದಾನೆ.

ಎತ್ತರಕ್ಕೇ ಹುಟ್ಟಿದ ಗಿಡ ನಮ್ಮ ದೇಶದ ನದಿ, ಕಾಲುವೆ, ಕೆರೆಗಳಲ್ಲೇ ಇದೆ. ಅದು ವ್ಯಾಲಿಸ್ನೇರಿಯಾ. ರಿಬ್ಬನ್ನಿನಂತೆ ಉದ್ದನೆಯ ಎಲೆ, ಕಾಂಡ ಮೇಲೇಳುವುದಿಲ್ಲ, ಬುಡದಿಂದಲೇ ಎಲೆಗಳು ಹೊರಟು ನೀರು ಎಷ್ಟು ಆಳವೋ ಅಷ್ಟಕ್ಕೆ ಹೋಗುತ್ತವೆ. ಕಮಲನಗರದ ಬೋರಿನ ನೀರಿಗೆ ಇದಕ್ಕಿಂತ ತಕ್ಕ ಗಿಡ ಸಿಗದು. ಕರಿಗಲ್ಲಿನ ಪದರಗಳ ನಡುವಿನಿಂದ ಬರುವ ನೀರು ಗಡಸು. ಕೊಡದ ಒಳಗೆ ಕಟ್ಟುವ ಬಿಳಿ ಪೊರೆಯನ್ನು ನಮ್ಮ ಹೆಣ್ಣುಮಕ್ಕಳು ದಿನಾ ತಿಕ್ಕುತ್ತಾರೆ. ಎಷ್ಟೋ ನಾಜೂಕಿನ ಗಿಡಗಳಿಗೆ ಇದು ಆಗಿಬರುವುದಿಲ್ಲ. ಗಿಡದ ಮುಖ್ಯ ಆಹಾರ ಇಂಗಾಲ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಯ ಸುತ್ತ ಇದ್ದದ್ದು ತೀರಿತೆಂದರೆ ಮತ್ತೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ಹೀಗೆ ಇಂಗಾಲ ಸಿಗದೆ ಸೊರಗುವ ಗಿಡಗಳ ನಡುವೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳು ಇನ್ನೊಂದು ದಾರಿ ಕಂಡುಕೊಂಡಿವೆ. ಗಡಸು ನೀರಿನಲ್ಲಿ ಧಾರಾಳವಾಗಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಅವು ಇಂಗಾಲ ತೆಗೆದುಕೊಳ್ಳಬಲ್ಲವು. ಹಾಗೆ ತೆಗೆದುಕೊಂಡಾಗ ಎಲೆಯ ಮೇಲೆ ಸುಣ್ಣದ ತೆಳು ಪುಡಿ ಕೂರುವುದೂ ಉಂಟು. ಊರಿನವರು ಯಾವುದನ್ನು ಈ ನೀರಿನ ದೋಷ ಎನ್ನುತ್ತಾರೋ ಅದನ್ನೇ ಈ ಗಿಡ ಊಟ ಮಾಡುತ್ತದೆ. ನೀರು ಬದಲಿಸಲು ದುಬಾರಿ ಯಂತ್ರ ತರುವ ಮೊದಲು, ನಮ್ಮ ನೀರನ್ನು ಇಷ್ಟಪಡುವ ಗಿಡವನ್ನು ಹುಡುಕುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಅವನ ಗಪ್ಪಿಗಳೂ ಗಡಸು ನೀರಿನ ಮೀನುಗಳೇ ಆಗಿದ್ದು ಅವನ ಪುಣ್ಯ.

ಮಿಕ್ಕದ್ದು ತಾಳ್ಮೆಯ ಕೆಲಸ. ಬೇರಿಗೆ ಮೂರು ಬೆರಳಿನಷ್ಟಾದರೂ ದಪ್ಪ ನೆಲ ಬೇಕು. ನಮ್ಮ ಎರೆಮಣ್ಣನ್ನು ಹಾಗೇ ಹಾಕಿದರೆ ಕೈ ಆಡಿಸಿದಾಗಲೆಲ್ಲ ನೀರು ಕದಡುತ್ತದೆ. ಅದಕ್ಕಿಂತ ಬೀದರಿನ ಕಡೆಯ ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳುಗಳನ್ನು ತೊಳೆದು ಮರಳಿನ ಅಡಿಗೆ ಬೆರೆಸುವುದು ಮೇಲು. ಆ ಮಣ್ಣಿನ ಕೆಂಪು ಕಬ್ಬಿಣದ್ದು, ಮತ್ತು ಕಬ್ಬಿಣವಿಲ್ಲದೆ ಎಲೆ ಹಸಿರಾಗದು. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಪ್ರಿಯರು ಇದೇ ಜಾತಿಯ ಕೆಂಪು ಮಣ್ಣನ್ನು ಉಷ್ಣವಲಯದಿಂದ ತರಿಸಿ ತೊಟ್ಟಿಯ ತಳಕ್ಕೆ ಹಾಕುತ್ತಿದ್ದರು. ಬೀದರಿನ ಕೋಟೆ ನಿಂತಿರುವುದೂ ಅಂಥ ಮಣ್ಣಿನ ಮೇಲೆಯೇ. ಬೆಳಕು ದಿನಕ್ಕೆ 6ರಿಂದ 8 ತಾಸು ಇದ್ದರೆ ಸಾಕು, ಪ್ರತಿದಿನ ಅದೇ ಹೊತ್ತಿಗೆ. ಅಂಗಡಿ ತೆರೆದಿರುವ ತನಕ ದೀಪ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ನೀರು ಕಾದರೆ ಗಿಡ ಉಸಿರಾಟಕ್ಕೆ ಮಾಡುವ ಖರ್ಚು ಹೆಚ್ಚುತ್ತದೆ, ಆ ತಿಂಗಳು ಬೆಳವಣಿಗೆ ಕೇಳಬಾರದು. ಇನ್ನು ತೊಟ್ಟಿಯ ಎತ್ತರ. ಒಂದು ಅಡಿಯ ತೊಟ್ಟಿಯಲ್ಲಿ ಎರಡಡಿಯ ಗಿಡ ಸಿಗದಿದ್ದರೆ ಅದು ಗಿಡದ ತಪ್ಪಲ್ಲ.

ಆರಂಭದ ವಾರಗಳ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಗಿಡಗಳು ಸಾಯುವುದು ಹೆಚ್ಚಾಗಿ ಅಲ್ಲಿಯೇ, ಅದೂ ನಮ್ಮ ಅವಸರದಿಂದ. ಮಾರಾಟಕ್ಕೆ ಬರುವ ನೀರಗಿಡಗಳಲ್ಲಿ ಬಹುಪಾಲು ನರ್ಸರಿಯಲ್ಲಿ ತಲೆ ಗಾಳಿಯಲ್ಲಿಟ್ಟುಕೊಂಡು ಬೆಳೆದವು. ಅವುಗಳ ಎಲೆ ಗಾಳಿಗೆ ಹೊಂದಿದ ಎಲೆ. ಪೂರ್ತಿ ಮುಳುಗಿಸಿದಾಗ ಆ ಎಲೆಗಳು ಕರಗಿ ಹೋಗುತ್ತವೆ. ಹುಡುಗ ಗಾಬರಿಯಾಗಿ ಫೋನು ಮಾಡಿದ್ದ, “ಎಲ್ಲಾ ಕೊಳಿಲತ್ತದ ಕಾಕಾ, ಕಿತ್ತು ಬಿಸಾಡ್ಲೇನ್ರಿ?” ಕೀಳಬೇಡ ತಮ್ಮಾ, ಬೇರು ಗಟ್ಟಿ ಇದೆಯಾ ನೋಡು ಎಂದೆ. ಬೇರು ಗಟ್ಟಿಯಿತ್ತು. ಹಳೆಯ ಎಲೆ ಹೋದ ಜಾಗದಲ್ಲಿ ನೀರಿಗೆ ಹೊಂದುವ ತೆಳು ಎಲೆ ಮೂಡಲು ವಾರಗಳೇ ಹಿಡಿದವು. ಆ ವಾರಗಳಲ್ಲಿ ಗೊಬ್ಬರ ಸುರಿದರೆ ಅದು ಪಾಚಿಗೆ ಹೋಗುತ್ತದೆ. ಪದೇ ಪದೇ ಕಿತ್ತು ನೆಟ್ಟರೆ ಬೇರು ಹರಿಯುತ್ತದೆ. ಆಗ ನಾವು ಮಾಡಬಹುದಾದ ಉಪಕಾರ ಒಂದೇ, ಕೊಳೆತದ್ದನ್ನು ತೆಗೆದು, ನೀರು ಶುಚಿಯಾಗಿಟ್ಟು, ಗಿಡವನ್ನು ಅದರ ಪಾಡಿಗೆ ಬಿಡುವುದು.

ಇಲ್ಲಿ ನನಗೆ ನಮ್ಮ ಮಕ್ಕಳ ನೆನಪಾಗದೆ ಇರುವುದಿಲ್ಲ. ಈ ಗಡಿಯ ಊರುಗಳಿಂದ ಹತ್ತನೇ ತರಗತಿ ಮುಗಿಸಿದ ಮಕ್ಕಳು ಲಾತೂರಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋಗುತ್ತಾರೆ. ಡಾಕ್ಟರ್ ಆಗಬೇಕು, ಎಂಜಿನಿಯರ್ ಆಗಬೇಕು. ಸಾಲ ಮಾಡಿ ಕಳಿಸುವ ತಂದೆತಾಯಿಯ ಆಸೆಯನ್ನು ನಾನು ಹಗುರ ಮಾಡಲಾರೆ. ಸೋಯಾದ ದರ ಬಿದ್ದ ವರ್ಷದಲ್ಲೂ ಫೀ ಕಟ್ಟುವ ಆ ಕೈಗಳನ್ನು ನಾನು ಬಲ್ಲೆ. ಕೇಳಬೇಕಾದದ್ದು ಬೇರೆ. ಆಟ ನಿಲ್ಲಿಸಿ, ಹಾಡು ನಿಲ್ಲಿಸಿ, ಗೆಳೆಯರನ್ನು ಬಿಡಿಸಿ, ಮನೆಯ ಮಾತಿನ ಸದ್ದನ್ನೂ ದೂರ ಮಾಡಿ ಮಗುವನ್ನು ಒಂದೇ ಕಿಂಡಿಯ ಕಡೆಗೆ ತಿರುಗಿಸಿದಾಗ ಅದು ಏರುತ್ತದೆ, ಸುಳ್ಳಲ್ಲ. ಅಂಕಗಳೂ ಬರುತ್ತವೆ. ಆ ಏರಿಕೆಯಲ್ಲಿ ಗೆಣ್ಣಿನ ನಡುವಿನ ಬರಿದು ಎಷ್ಟು, ಎಲೆ ಎಷ್ಟು ಎಂಬುದನ್ನು ನೋಡುವವರು ಯಾರು? ಹಾಸ್ಟೆಲ್ಲಿಗೆ ಹೋದ ಮೊದಲ ತಿಂಗಳಲ್ಲಿ ಮಗು ಸೊರಗಿದಾಗ, ಊಟ ಬಿಟ್ಟಾಗ, ಫೋನಿನಲ್ಲಿ ಮಾತು ಕಡಿಮೆ ಮಾಡಿದಾಗ ನಾವು “ಓದಿನ ಕಡೆ ಲಕ್ಷ್ಯ ಕೊಡು” ಎನ್ನುತ್ತೇವೆ. ಅದು ಗಾಳಿಯ ಎಲೆ ಕಳಚಿ ನೀರಿನ ಎಲೆ ಮೂಡಿಸಿಕೊಳ್ಳುವ ಕಾಲ. ಆಗ ಬೇಕಾದದ್ದು ಹೆಚ್ಚು ಗೊಬ್ಬರವಲ್ಲ. ವಾರಕ್ಕೊಮ್ಮೆ ಹೋಗಿ, ಅಂಕದ ಮಾತೆತ್ತದೆ, ಮಗುವಿನ ಪಕ್ಕ ಕೂತು ಜೋಳದ ರೊಟ್ಟಿ ತಿಂದು ಬರುವ ಒಬ್ಬರು.

ನೆರೆ ಬಂದಾಗ ಭತ್ತ ಏನು ಮಾಡುತ್ತದೆಂಬುದನ್ನು ವಿಜ್ಞಾನಿಗಳು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಕಮಲನಗರದಲ್ಲಿ ಭತ್ತದ ಗದ್ದೆಗಳಿಲ್ಲದಿದ್ದರೂ ಈ ಕಥೆ ಇಲ್ಲಿಗೆ ಸಲ್ಲುತ್ತದೆ. ಬಂಗಾಳದ ಕಡೆ ಬೆಳೆಯುವ ಆಳನೀರಿನ ಭತ್ತ ಮುಳುಗಿದ ಕೂಡಲೇ ಓಡುತ್ತದೆ. ಗಿಡದೊಳಗೆ ಹುಟ್ಟುವ ಎಥಿಲೀನ್ ಅನಿಲ ನೀರಿನಲ್ಲಿ ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ, ಮುಳುಗಿದ್ದೇನೆ ಎಂಬ ಸುದ್ದಿ ಗಿಡಕ್ಕೆ ಅದರಿಂದಲೇ. ಆಗ ಕಾಂಡ ದಿನವೊಂದಕ್ಕೆ 20–25 ಸೆಂಟಿಮೀಟರ್ ಕೂಡ ಬೆಳೆಯಬಲ್ಲದು. ನೀರು ತಿಂಗಳುಗಟ್ಟಲೆ ನಿಲ್ಲುವಲ್ಲಿ ಇದೇ ಸರಿ. ಒಡಿಶಾದ ಹಳೆಯ ತಳಿಯೊಂದರಿಂದ ಬಂದ ಎಫ್‌ಆರ್‌13ಎ ಎಂಬ ಭತ್ತ ಇದರ ವಿರುದ್ಧ ನಡೆಯುತ್ತದೆ. ಮುಳುಗಿದಾಗ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಕೂಡಿಟ್ಟ ಪಿಷ್ಟ, ಸಕ್ಕರೆಯನ್ನು ಖರ್ಚು ಮಾಡದೆ, ಸುಮ್ಮನೆ ಕಾಯುತ್ತದೆ. ಎರಡು ವಾರದ ಹೊತ್ತಿಗೆ ನೀರಿಳಿದರೆ ಮತ್ತೆ ಚಿಗುರುತ್ತದೆ. ಅದಕ್ಕೆ ಕಾರಣವಾದ ಸಬ್1ಎ ಎಂಬ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದೇ ಗುಣವನ್ನು ಸೇರಿಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ರೈತರ ಕೈಗೆ ಬಂತು. ಬೆಳೆಯದೆ ನಿಂತ ಆ ಗಿಡವನ್ನು ಹದಿನಾಲ್ಕು ದಿನ ನೋಡಿದವರು ಸತ್ತಿತು ಎಂದೇ ತಿಳಿಯಬಹುದು. ಒಳಗೆ ಅದು ಎಷ್ಟು ಶಿಸ್ತಿನಿಂದ ಬದುಕನ್ನು ಹಿಡಿದಿಟ್ಟುಕೊಂಡಿರುತ್ತದೆ! ಒಂದು ವರ್ಷ ಸುಮ್ಮನೆ ನಿಂತ ಮಗುವನ್ನು, ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದು ಮನೆಗೆ ಮರಳಿದ ಮಗುವನ್ನು ನೋಡುವಾಗ ನಮಗೆ ಈ ಭತ್ತ ಗೊತ್ತಿದ್ದರೆ ಎಷ್ಟು ಮನೆಗಳಲ್ಲಿ ಕಣ್ಣೀರು ಕಡಿಮೆಯಾದೀತು.

ಬೆಳಕು ಮಂದವಾಗಿದ್ದ ಕಾಲವನ್ನು ಈ ಊರು ಕಂಡಿದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಇದೇ ಕಮಲನಗರದಲ್ಲಿ. ನಿಜಾಮರ ಆಡಳಿತದಲ್ಲಿ ಶಾಲೆಯ ಭಾಷೆ ಉರ್ದುವಾಗಿದ್ದಾಗ, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅವರು ಮಾಡಿದ್ದನ್ನು ಕನ್ನಡದ ಸೇವೆ ಎಂದು ಎಲ್ಲರೂ ನೆನೆಯುತ್ತಾರೆ, ಅದು ಸರಿ. ನಾನು ನೋಡುವುದು ಅದರೊಳಗಿನ ಇನ್ನೊಂದು ಸಂಗತಿಯನ್ನು. ಮನೆಯ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲದ ಮಗು ಹೇಗೋ ಏರಿಕೊಳ್ಳಲಿ ಎಂದು ಅವರು ಕಾಯಲಿಲ್ಲ. ಕತ್ತಲೆ ಮಕ್ಕಳನ್ನು ಗಟ್ಟಿ ಮಾಡುತ್ತದೆ ಎಂಬ ವಾದವನ್ನೂ ಹೂಡಲಿಲ್ಲ. ತಾವೇ ಅಪಾಯ ಹೊತ್ತು ಬೆಳಕನ್ನು ಒಳಗೆ ತಂದರು. ಕಷ್ಟದಿಂದಲೇ ಮನುಷ್ಯ ಬೆಳೆಯುತ್ತಾನೆ ಎಂದು ಹೇಳುವವರು ನಮ್ಮಲ್ಲಿ ಬಹಳ. ತನಗೆ ಬಂದ ಕಷ್ಟದ ಬಗ್ಗೆ ಹಾಗೆ ಹೇಳಿಕೊಂಡರೆ ಅದು ಧೈರ್ಯ. ಇನ್ನೊಬ್ಬರಿಗೆ ತಾನೇ ಕೊಟ್ಟ ಕಷ್ಟದ ಬಗ್ಗೆ ಹೇಳಿದರೆ ಅದು ಕ್ರೌರ್ಯ. ದೀಪದ ಗುಂಡಿ ಯಾರ ಕೈಯಲ್ಲಿದೆಯೋ ಅವರಿಗೆ ಆ ಮಾತನಾಡುವ ಹಕ್ಕಿಲ್ಲ ಎಂದೇ ನಾನು ತಿಳಿದಿದ್ದೇನೆ.

ಕೊರತೆಯಿಲ್ಲದೆ ಬೆಳೆದ ಎತ್ತರಕ್ಕೂ ತನ್ನದೇ ಕಷ್ಟಗಳಿವೆ. ಅದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ವ್ಯಾಲಿಸ್ನೇರಿಯಾ ಒಮ್ಮೆ ನೆಲೆ ನಿಂತಿತೆಂದರೆ ನೀರಿನ ಮಟ್ಟ ಮುಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಎಲೆಗಳು ಮೇಲೆ ಮಡಚಿಕೊಂಡು ಹಾಸಿ ಬೀಳುತ್ತವೆ. ಬುಡದಿಂದ ಮರಳಿನಡಿ ಬಳ್ಳಿ ಹರಿದು ಗೇಣಿಗೊಂದು ಹೊಸ ಮರಿ ಏಳುತ್ತದೆ. ಕೆಳಗಿರುವ ಸಣ್ಣ ಗಿಡಗಳಿಗೆ ಆಗ ಬೆಳಕೇ ಇಲ್ಲ. ಯಾವ ಕೊರತೆಯನ್ನು ನಾವು ಮಾಡಬಾರದೆಂದುಕೊಂಡೆವೋ ಅದನ್ನು ಎತ್ತರದ ಗಿಡ ತಗ್ಗಿನ ಗಿಡಕ್ಕೆ ಮಾಡುತ್ತದೆ. ಅದಕ್ಕೆ ಗೊತ್ತಿಲ್ಲ, ನಮಗೆ ಗೊತ್ತಿದೆ. ಆದ್ದರಿಂದ ಸವರುವ ಕೆಲಸ ನಮ್ಮದು. ಅದರಲ್ಲೂ ಒಂದೊಂದು ಗಿಡದ ರೀತಿ ಒಂದೊಂದು. ಕಾಂಡದ ಗಿಡವನ್ನು ಗೆಣ್ಣಿನ ಮೇಲೆ ಕತ್ತರಿಸಬಹುದು, ತುದಿಯನ್ನು ಮರಳಿಗೆ ಚುಚ್ಚಿದರೆ ಅದೂ ಬೇರು ಬಿಡುತ್ತದೆ. ವ್ಯಾಲಿಸ್ನೇರಿಯಾದ ಎಲೆಯನ್ನು ನಡುವೆ ಕತ್ತರಿಸಿದರೆ ಕತ್ತರಿಸಿದ ಅಂಚು ಕಂದಾಗಿ ಕೊಳೆಯುತ್ತದೆ. ಉದ್ದ ಹೆಚ್ಚಾದ ಎಲೆಯನ್ನು ಬುಡದಿಂದಲೇ ತೆಗೆಯಬೇಕು.

ಗಾಜಿನ ತೊಟ್ಟಿಯ ಚರಿತ್ರೆಯ ಆರಂಭದ ದಿನಗಳಲ್ಲೇ ಈ ಗಿಡ ಇದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನು, ಒಂದು ವ್ಯಾಲಿಸ್ನೇರಿಯಾ ಇಟ್ಟು, ನೀರು ಬದಲಿಸದೆ ಇವೆರಡೂ ಒಂದನ್ನೊಂದು ಬದುಕಿಸಬಲ್ಲವೇ ಎಂದು ನೋಡಿದ. ಗಿಡ ಚೆನ್ನಾಗಿಯೇ ಬೆಳೆಯಿತು. ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮರಿ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಪ್ರಕಟಿಸಿದ. ಮೀನಿನಷ್ಟು ಚೆಂದವೂ ಅಲ್ಲದ, ಗಿಡದಷ್ಟು ಎತ್ತರವೂ ಅಲ್ಲದ ಹುಳು ಬರುವ ತನಕ ಆ ತೊಟ್ಟಿಯಲ್ಲಿ ಯಾರಿಗೂ ಬದುಕಿರಲಿಲ್ಲ. ನಮ್ಮ ಹುಡುಗ ತನ್ನ ತೊಟ್ಟಿಯಲ್ಲಿ ಬಸವನಹುಳು ಕಂಡರೆ ಹೆಕ್ಕಿ ಹೊರಗೆ ಹಾಕುತ್ತಿದ್ದ. ಈಗ ಬಿಟ್ಟಿದ್ದಾನೆ.

ವ್ಯಾಲಿಸ್ನೇರಿಯಾ ಹೂ ಬಿಡುವ ಬಗೆಯನ್ನು ಹುಡುಗನಿಗೆ ಹೇಳಿದಾಗ ಅವನು ನಂಬಲಿಲ್ಲ. ಹೆಣ್ಣು ಹೂ ತಳದಿಂದ ದಾರದಂಥ ತೊಟ್ಟಿನ ಮೇಲೆ ನೀರಿನ ಮಟ್ಟದವರೆಗೆ ಏರಿ ಬರುತ್ತದೆ. ಗಂಡು ಹೂಗಳು ಬುಡದಲ್ಲೇ ಹುಟ್ಟಿ, ಕಳಚಿಕೊಂಡು, ಗುಳ್ಳೆಗಳಂತೆ ಮೇಲೆ ತೇಲಿ ಬಂದು ಅರಳುತ್ತವೆ. ನೀರಿನ ಮೇಲೆ ಎರಡೂ ಸಂಧಿಸುತ್ತವೆ. ಪರಾಗಸ್ಪರ್ಶ ಆದ ಮೇಲೆ ಹೆಣ್ಣು ಹೂವಿನ ತೊಟ್ಟು ಸುರುಳಿ ಸುತ್ತಿಕೊಂಡು ಕೆಳಗಿಳಿಯುತ್ತದೆ, ಕಾಯಿ ಕಟ್ಟುವುದು ನೀರಿನ ಒಳಗೆ. ಬೆಳಕಿಗಾಗಿ ಓಡಿದ ಕಾಂಡದ ಎತ್ತರವೂ ಎತ್ತರವೇ, ಈ ತೊಟ್ಟಿನ ಎತ್ತರವೂ ಎತ್ತರವೇ. ಇದಕ್ಕೆ ಮೇಲೆ ಒಂದು ಕೆಲಸವಿತ್ತು, ಮುಗಿದ ಮೇಲೆ ಅಲ್ಲಿ ಉಳಿಯಬೇಕೆಂಬ ಹಟವಿಲ್ಲ. ಊರಿನಿಂದ ಹೋಗಿ ಕಲಿತು, ಕಲಿತದ್ದನ್ನು ಹಿಡಿದು ಔರಾದಿನ ತಾಲೂಕು ಆಸ್ಪತ್ರೆಗೆ, ಕಮಲನಗರದ ಶಾಲೆಗೆ ಮರಳಿ ಬರುವವರನ್ನು “ಅಲ್ಲೇ ಇದ್ದರೆ ಎಷ್ಟು ಎತ್ತರಕ್ಕೆ ಹೋಗುತ್ತಿದ್ದರು” ಎಂದು ಮರುಗುವ ಜನರ ಮುಂದೆ ಈ ಹೂವನ್ನು ಇಡಬೇಕು ಎನ್ನಿಸುತ್ತದೆ.

ಇನ್ನು ಸವರಿ ತೆಗೆದ ಗಿಡದ ಮಾತು. ತೊಟ್ಟಿ ಚೆನ್ನಾಗಿ ನಡೆದಷ್ಟು ಬಕೆಟ್ಟಿಗೆ ಬೀಳುವ ಹಸಿರು ಹೆಚ್ಚು. ಹುಡುಗ ಅದನ್ನು ಊರ ಹೊರಗಿನ ಹಳ್ಳಕ್ಕೆ ಸುರಿಯಬೇಕೆಂದಿದ್ದ. ಅಲ್ಲಾದರೂ ಬದುಕಿಕೊಳ್ಳಲಿ ಎಂಬ ಕರುಣೆಯಿಂದಲೇ. ಆದರೆ ಅಂಥ ಕರುಣೆ ಅಪಾಯ ತರಬಲ್ಲದು. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿಯೇ ಅಮೆರಿಕದ ಫ್ಲೋರಿಡಾಕ್ಕೆ ಹೋಯಿತು. ಒಂದು ಗೆಣ್ಣಿರುವ ತುಂಡು ಸಿಕ್ಕರೂ ಮತ್ತೆ ಗಿಡವಾಗುವ, ಸೂರ್ಯನ ಬೆಳಕಿನ ನೂರರಲ್ಲೊಂದು ಪಾಲಿನಲ್ಲೂ ಬೆಳೆಯುವ ಅದು ಅಲ್ಲಿನ ಸರೋವರ, ಕಾಲುವೆಗಳನ್ನು ಕಟ್ಟಿಹಾಕಿತು. ಅದನ್ನು ತೆಗೆಯಲು ಇಂದಿಗೂ ಹಣ ಸುರಿಯುತ್ತಿದ್ದಾರೆ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ಕಾಲುವೆ ತುಂಬ ಗುಲಾಬಿ ಹೂ ಅರಳಿದಾಗ ಜನ ನೋಡಲು ಮುಗಿಬಿದ್ದರು. ಅದು ದಕ್ಷಿಣ ಅಮೆರಿಕ ಮೂಲದ, ತೊಟ್ಟಿಗಳಲ್ಲಿ ಸಾಕುವ ಕಬೊಂಬಾ. ಹೂವಿನ ಕೆಳಗೆ ಅಲ್ಲಿನ ಸ್ವಂತ ಗಿಡಗಳಿಗೆ ಬೆಳಕು ಕಟ್ಟಾಗಿತ್ತು.

ಕಮಲನಗರದ ಸುತ್ತಿನ ಹಳ್ಳಗಳು ಹರಿದು ಹೋಗುವುದು ಮಾಂಜ್ರಾ ನದಿಯ ಕಡೆಗೆ. ಆ ನೀರನ್ನು ಕುಡಿಯುವವರು ಬಹಳ ಜನ, ಅದರಲ್ಲಿ ಬಲೆ ಬೀಸಿ ಬದುಕುವವರೂ ಇದ್ದಾರೆ. ಹಾಗಾಗಿ ಅವನಿಗೆ ಹೇಳಿದ್ದೇನೆ: ತೆಗೆದ ಗಿಡವನ್ನು ಮೊದಲು ಬೇರೆ ತೊಟ್ಟಿ ಇಟ್ಟವರಿಗೆ ಕೊಡು. ಉಳಿದದ್ದನ್ನು ಮಾಳಿಗೆಯ ಮೇಲೆ ಹರಡಿ ಗರಿಗರಿಯಾಗಿ ಒಣಗಿಸು, ಒಣಗಿದ ಮೇಲೆ ಮನೆಯ ಮುಂದಿನ ಕರಿಬೇವಿನ ಬುಡಕ್ಕೆ ಹಾಕು. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೂ ಅದಕ್ಕೇ ಸುರಿ, ಚರಂಡಿಗೆ ಬಿಡಬೇಡ.